ಸಣ್ಣ ವಿಮಾನಗಳು ಬೀಳುವುದೇಕೆ?

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು ಮತ್ತು ಗಿರಣಿಯ ಜನ ಸೇರಿದ ಸಭೆಯಲ್ಲಿ ವಿಮಾನದ ಮಾತೇಕೆ ಎಂದು ಕೆಲವರು ಹುಬ್ಬೇರಿಸಿದ್ದನ್ನು ಕಂಡಿದ್ದೇವೆ. ಬೋನಸ್ಸಿನ ಮಾತು ಬಿಟ್ಟು ಬಾನಿನ ಮಾತು ಎತ್ತಿದರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದೂ ಕಿವಿಗೆ ಬಿತ್ತು. ಕಾರಣ ಹೇಳುತ್ತೇವೆ. ನಮ್ಮ ಸದಸ್ಯರೊಬ್ಬರು, ಇಪ್ಪತ್ತೆರಡು ವರ್ಷಗಳಿಂದ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಿರುವವರು, ಊರಿನ ಗದ್ದೆಯನ್ನು ಅಡವಿಟ್ಟು, ಬ್ಯಾಂಕಿನ ಸಾಲ ಮಾಡಿ, ಭಾವ ಕೊಟ್ಟ ಹಣವನ್ನೂ ಕೂಡಿಸಿ ಮಗಳನ್ನು ವಿಮಾನ ನಡೆಸುವ ವಿದ್ಯೆಗೆ ಕಳಿಸಿದ್ದಾರೆ. ಹೋದ ತಿಂಗಳು ಒಂದು ದಿನ ಕೈಯಲ್ಲಿ ಪತ್ರಿಕೆ ಹಿಡಿದು ಸಂಘದ ಖೋಲಿಗೆ ಬಂದರು. ಎಲ್ಲಿಯೋ ಒಂದು ತರಬೇತಿ ವಿಮಾನ ಬಿದ್ದ ಸುದ್ದಿ ಅದರಲ್ಲಿತ್ತು. ನಾಲ್ಕೇ ಸಾಲು. ಕೊನೆಯ ಸಾಲು, ಚಾಲಕನ ತಪ್ಪೇ ಕಾರಣವೆಂದು ಶಂಕಿಸಲಾಗಿದೆ ಎಂದು. "ಅದು ಯಾಕೆ ಬೀಳುವುದು ಮಾರಾಯ್ರೇ? ಹುಡುಗಿಯನ್ನು ವಾಪಸು ಕರೆಸುವುದಾ, ಬಿಡುವುದಾ?" ಎಂದು ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ.

ನಾವು ವಿಮಾನ ನಡೆಸಿದವರಲ್ಲ. ಆದರೆ ವಿಮಾನ ರಿಪೇರಿಯಲ್ಲಿ ಆಯುಷ್ಯ ಕಳೆದು ನಿವೃತ್ತರಾದ ಕನ್ನಡಿಗ ಮೆಕ್ಯಾನಿಕ್ ಹಿರಿಯರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ನಾಲ್ಕು ಭಾನುವಾರ ಅವರ ಬಳಿ ಕುಳಿತೆವು. ಅಪಘಾತದ ತನಿಖಾ ವರದಿಗಳನ್ನು ಅವರು ಓದಿ ಹೇಳಿದರು, ನಾವು ಬರೆದುಕೊಂಡೆವು. ಆ ಟಿಪ್ಪಣಿಯೇ ಇಂದಿನ ಭಾಷಣ.

ಈ ವಿದ್ಯೆ ಮುಂಬಯಿಗೆ ಹೊಸದಲ್ಲ. ಇಲ್ಲಿಯ ಫ್ಲೈಯಿಂಗ್ ಕ್ಲಬ್ ಜುಹುವಿನಲ್ಲಿ 1928ರಲ್ಲೇ ಹುಟ್ಟಿತು. ಭಾರತದಲ್ಲಿ ಕೊಟ್ಟ ಮೊದಲನೆಯ ಚಾಲಕ ಪರವಾನಗಿ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಸಿಕ್ಕಿತು. ಹೆಣ್ಣುಮಕ್ಕಳಿಗೆ ಇದೇಕೆ ಎನ್ನುವವರು ಸರಳಾ ಠಕ್ರಾಲ್ ಅವರ ಹೆಸರು ಕೇಳಿರಲಿ, ಅವರು 1936ರಲ್ಲೇ ಪರವಾನಗಿ ಪಡೆದರು. ನಮ್ಮ ಬೆಂಗಳೂರು ಹಿಂದುಸ್ತಾನ್ ಕಾರ್ಖಾನೆಯ ಕೆಲಸಗಾರರು 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನೂ, 1958ರಲ್ಲಿ ಕ್ಲಬ್ಬುಗಳಿಗಾಗಿ ಪುಷ್ಪಕ್ ಎಂಬುದನ್ನೂ ಹಾರಿಸಿ ತೋರಿಸಿದರು. ಈಗ ಮಕ್ಕಳು ಕಲಿಯುವ ವಿಮಾನಗಳಲ್ಲಿ ಸೆಸ್ನಾ 152 ಒಂದು. ಎರಡೇ ಆಸನ, ಸುಮಾರು 110 ಅಶ್ವಶಕ್ತಿಯ ಒಂದೇ ಇಂಜಿನ್ನು, ಜನ, ಪೆಟ್ರೋಲು ಎಲ್ಲ ಸೇರಿ 757 ಕಿಲೋ ಮೀರಬಾರದು. ಅದರ ತಯಾರಿಕೆ 1985ರಲ್ಲೇ ನಿಂತಿತು, ಆದರೆ ವಿಮಾನಗಳು ಇನ್ನೂ ಹಾರುತ್ತಿವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡೋಣ. ಇಂಜಿನ್ನು ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂದು ನಾವೂ ತಿಳಿದಿದ್ದೆವು. ಹಾಗಲ್ಲ. ಇಂಜಿನ್ನು ನಿಂತರೂ ರೆಕ್ಕೆ ಇದೆ. ಮೂಗನ್ನು ತುಸು ಕೆಳಗೆ ಮಾಡಿ ವೇಗ ಕಾಪಾಡಿಕೊಂಡರೆ ಅದು ಜಾರುಬಂಡಿಯಂತೆ ಜಾರಿಕೊಂಡು ಬರುತ್ತದೆ, ಸಾವಿರ ಅಡಿ ಇಳಿಯುವಷ್ಟರಲ್ಲಿ ಎರಡೂವರೆ ಕಿಲೋಮೀಟರು ದೂರ ಹೋಗುತ್ತದೆ. 2023ರ ಮೇ ತಿಂಗಳಿನಲ್ಲಿ ಬೆಳಗಾವಿ ಬಳಿ ಹೊನ್ನಿಹಾಳದ ಹೊಲವೊಂದರಲ್ಲಿ ಇಂಥ ಒಂದು ವಿಮಾನ ತಾಂತ್ರಿಕ ತೊಂದರೆಯಿಂದ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಬದುಕಿದರು.

ಹಾಗಾದರೆ ಕೊಲ್ಲುವುದು ಯಾವುದು? ಮೆಕ್ಯಾನಿಕ್ ಹಿರಿಯರು ಮೊದಲ ದಿನವೇ ಹೇಳಿದ ಶಬ್ದ, ಸ್ಟಾಲ್. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಎರಡು ಭಾನುವಾರ ಬೇಕಾಯಿತು. ಆದುದರಿಂದ ನಿಧಾನವಾಗಿ ಹೇಳುತ್ತೇವೆ.

ಚಿಕ್ಕಂದಿನಲ್ಲಿ ಊರಿನ ಬಸ್ಸಿನ ಕಿಟಕಿಯಿಂದ ಅಂಗೈಯನ್ನು ಗಾಳಿಗೆ ಒಡ್ಡಿದ್ದು ನೆನಪಿದೆಯೇ? (ಇಲ್ಲಿಯ ಲೋಕಲ್ ಗಾಡಿಯಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ, ಕಂಬಗಳಿವೆ.) ಅಂಗೈಯನ್ನು ಮಲಗಿಸಿ ಹಿಡಿದು ಮುಂದಿನ ಅಂಚನ್ನು ಸ್ವಲ್ಪ ಎತ್ತಿದರೆ ಗಾಳಿ ಕೈಯನ್ನು ಮೇಲಕ್ಕೆ ಎತ್ತುತ್ತದೆ. ಇನ್ನೂ ಓರೆ ಮಾಡಿದರೆ ಇನ್ನೂ ಎತ್ತುತ್ತದೆ. ಒಂದು ಮಿತಿ ದಾಟಿತೋ, ಎತ್ತುವುದು ಬಿಟ್ಟು ಕೈಯನ್ನು ಹಿಂದಕ್ಕೆ ತಳ್ಳತೊಡಗುತ್ತದೆ. ವಿಮಾನದ ರೆಕ್ಕೆಯೂ ಅಷ್ಟೆ. ಎದುರು ಗಾಳಿಗೆ ಅದು ಒಡ್ಡಿಕೊಂಡ ಓರೆ ಸುಮಾರು 15-16 ಡಿಗ್ರಿ ಮೀರಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ ಎತ್ತುವ ಬಲ ಕುಸಿಯುತ್ತದೆ. ಇದೇ ಸ್ಟಾಲ್. ಇಂಜಿನ್ನು ಚೆನ್ನಾಗಿಯೇ ಓಡುತ್ತಿರಬಹುದು. ಸೋತದ್ದು ರೆಕ್ಕೆ.

ತಿರುವಿನಲ್ಲಿ ಇದು ಇನ್ನೂ ಬೇಗ ಬರುತ್ತದೆ. ವಿಮಾನ ಒಂದು ಕಡೆಗೆ ವಾಲಿ ತಿರುಗುವಾಗ ರೆಕ್ಕೆ ಹೊರಬೇಕಾದ ಭಾರ ಹೆಚ್ಚು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ಭಾರ ಎರಡು ಪಟ್ಟು. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರಿಗೆ ಸೋಲುವ ರೆಕ್ಕೆ ಇಂಥ ತಿರುವಿನಲ್ಲಿ 113 ಕಿಲೋಮೀಟರು ವೇಗವಿದ್ದಾಗಲೇ ಸೋಲುತ್ತದೆ.

ಈಗ ಇಳಿಯಲು ಬರುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ರನ್‌ವೇಯ ಕಡೆಗೆ ಕೊನೆಯ ತಿರುವು ಹಾಕಬೇಕು. ಎತ್ತರ ನಾಲ್ಕೈದು ನೂರು ಅಡಿ. ಹಿಂದಿನಿಂದ ಗಾಳಿ ತಳ್ಳುತ್ತಿದೆ, ತಿರುವು ತಡವಾಯಿತು, ರನ್‌ವೇಯ ಗೆರೆ ದಾಟಿಹೋಗುತ್ತಿದೆ. ನೆಲ ಹತ್ತಿರವಿರುವುದರಿಂದ ಇನ್ನೂ ವಾಲಿಸಲು ಧೈರ್ಯ ಸಾಲದು. ಕಾಲಿನಿಂದ ಬಾಲದ ಚುಕ್ಕಾಣಿಯನ್ನು ಒತ್ತಿ ಮೂಗನ್ನು ರನ್‌ವೇಯತ್ತ ಎಳೆಯುತ್ತಾನೆ. ಮೂಗು ಕೆಳಗೆ ಜಾರುತ್ತದೆ. ಕೈ ತಾನಾಗಿ ಹಿಡಿಕೆಯನ್ನು ತನ್ನತ್ತ ಎಳೆಯುತ್ತದೆ. ಒಳಗಿನ ರೆಕ್ಕೆ ಮೊದಲು ಸೋಲುತ್ತದೆ, ವಿಮಾನ ಆ ಕಡೆಗೆ ಮಗುಚಿ ಬುಗುರಿಯಂತೆ ತಿರುಗುತ್ತ ಇಳಿಯುತ್ತದೆ. ಇದಕ್ಕೆ ಸ್ಪಿನ್ ಎನ್ನುತ್ತಾರೆ. ಬಿಡಿಸಿಕೊಳ್ಳುವ ಕ್ರಮ ಇದೆ: ಇಂಜಿನ್ನಿನ ಬಲ ಇಳಿಸಬೇಕು, ತಿರುಗುವ ದಿಕ್ಕಿಗೆ ವಿರುದ್ಧ ಕಾಲು ಒತ್ತಬೇಕು, ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು. ಆದರೆ ಒಂದು ಸುತ್ತು ಸುತ್ತಿ ಬಿಡಿಸಿಕೊಳ್ಳುವಷ್ಟರಲ್ಲಿ ಸೆಸ್ನಾ 152 ಸುಮಾರು ಸಾವಿರ ಅಡಿ ಕಳೆದುಕೊಳ್ಳುತ್ತದೆ. ಅವನ ಬಳಿ ಇರುವುದು ನಾಲ್ಕು ನೂರು.

ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು ಎಂದೆವಲ್ಲ, ಅದರ ಅರ್ಥವೇನೆಂದರೆ ಬೀಳುತ್ತಿರುವ ಮನುಷ್ಯ ಮೂಗನ್ನು ಇನ್ನೂ ನೆಲದ ಕಡೆಗೆ ಮಾಡಬೇಕು. ಯಾವ ದೇಹಕ್ಕೆ ಇದು ಸಹಜ? ಬೀಳುವವನು ಮೇಲಕ್ಕೇ ಎಳೆದುಕೊಳ್ಳುತ್ತಾನೆ. ಆದುದರಿಂದಲೇ ಎತ್ತರದಲ್ಲಿ, ಶಿಕ್ಷಕ ಪಕ್ಕದಲ್ಲಿರುವಾಗ, ಬೇಕೆಂದೇ ಸ್ಟಾಲ್ ಮಾಡಿಸಿ ಮಾಡಿಸಿ ದೇಹದ ಹಟವನ್ನು ಮುರಿಯುತ್ತಾರೆ. ಇದು ಸಣ್ಣ ವಿಮಾನದ ಪಾಠ ಎಂದು ಅಲಕ್ಷಿಸುವ ಹಾಗಿಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸಿನ ದೊಡ್ಡ ವಿಮಾನದಲ್ಲಿ 228 ಜನ ಸತ್ತರು. ಅಲ್ಲಿಯೂ ರೆಕ್ಕೆ ಸೋತಿತ್ತು, ಹಿಡಿಕೆಯನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದರು.

ಇದರ ತಮ್ಮ ಎನ್ನಬಹುದಾದ ಇನ್ನೊಂದು ಅಪಘಾತವಿದೆ. ನೆಲ ಬಿಟ್ಟು ಮುನ್ನೂರು ಅಡಿ ಏರಿದಾಗ ಇಂಜಿನ್ನು ನಿಂತಿತೆನ್ನಿ. ಹಿಂದೆ ರನ್‌ವೇ ಇದೆ, ಮುಂದೆ ಕಬ್ಬಿನ ಗದ್ದೆ. ಮನಸ್ಸು ಹಿಂದಕ್ಕೇ ತಿರುಗು ಎನ್ನುತ್ತದೆ. ತಿರುಗಲು ಬೇಕಾದ ಎತ್ತರ ಇರುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ನೇರವಾಗಿ ಇಳಿದವನು ವಿಮಾನವನ್ನು ಹಾಳುಮಾಡಿಕೊಂಡು ಬಹಳ ಸಲ ಜೀವ ಉಳಿಸಿಕೊಳ್ಳುತ್ತಾನೆ. ವಿಮಾನ ಉಳಿಸಲು ತಿರುಗಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಯಜಮಾನರ ಸಾಮಾನು ಒಡೆಯಬಾರದೆಂಬ ಭಯ ನಮ್ಮ ಹುಡುಗರಲ್ಲಿ ಎಷ್ಟಿದೆ ಎಂಬುದು ನಿಮಗೆ ಗೊತ್ತು. ಬೀಳುತ್ತಿರುವ ಕುದಿಯುವ ಪಾತ್ರೆಗೆ ಕೈಯೊಡ್ಡಿ ಸುಟ್ಟುಕೊಂಡವರು ಈ ಸಭೆಯಲ್ಲೇ ಇದ್ದಾರೆ.

ಇನ್ನು ಪೆಟ್ರೋಲು. ಆಕಾಶದಲ್ಲಿ ಪೆಟ್ರೋಲು ಮುಗಿಯುವುದೆಂದರೆ ನಗು ಬರುತ್ತದೆ, ಆದರೆ ಇಂಜಿನ್ನು ನಿಲ್ಲುವ ಕಾರಣಗಳಲ್ಲಿ ಇದು ಬಹಳ ಹಳೆಯದು, ಇನ್ನೂ ಹೋಗಿಲ್ಲ. ಸೆಸ್ನಾ 152ರ ಟ್ಯಾಂಕುಗಳಲ್ಲಿ ಉಪಯೋಗಕ್ಕೆ ಬರುವುದು ಸುಮಾರು 93 ಲೀಟರು. ಮೀಟರಿನ ಮುಳ್ಳನ್ನು ನಂಬುವುದಕ್ಕಿಲ್ಲ. ರೆಕ್ಕೆಯ ಮೇಲಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಬೇಕು, ಸಾಂಬಾರಿನ ಹಂಡೆಗೆ ಸೌಟು ಇಳಿಸಿ ಎಷ್ಟು ಉಳಿದಿದೆ ಎಂದು ನೋಡಿದ ಹಾಗೆ. ಕೆಲವು ವಿಮಾನಗಳಲ್ಲಿ, ಪೈಪರ್ ಚೆರೊಕಿಯಂಥವುಗಳಲ್ಲಿ, ಎಡ ಟ್ಯಾಂಕು ಅಥವಾ ಬಲ ಟ್ಯಾಂಕು ಎಂದು ಒಂದರಿಂದಲೇ ಇಂಜಿನ್ನಿಗೆ ಪೆಟ್ರೋಲು ಹೋಗುತ್ತದೆ. ಚಾಲಕ ಮಗ್ಗುಲು ಬದಲಾಯಿಸಲು ಮರೆತರೆ ಒಂದು ಟ್ಯಾಂಕು ತುಂಬಿರುವಾಗಲೇ ಇಂಜಿನ್ನು ಹಸಿವಿನಿಂದ ನಿಲ್ಲುತ್ತದೆ. ಟ್ಯಾಂಕಿನೊಳಗೆ ನೀರು ಸೇರುವುದೂ ಉಂಟು. ನೀರು ಭಾರವಾದದ್ದರಿಂದ ತಳಕ್ಕೆ ಇಳಿದಿರುತ್ತದೆ, ಇಂಜಿನ್ನಿಗೆ ಹೋಗುವ ದಾರಿಯೂ ತಳದಲ್ಲೇ ಇದೆ. ಬೆಳಿಗ್ಗೆ ಹಾರುವ ಮೊದಲು ಸಣ್ಣ ಗಾಜಿನಲ್ಲಿ ತಳದ ಪೆಟ್ರೋಲು ಹಿಡಿದು ಬೆಳಕಿಗೆ ನೋಡುತ್ತಾರೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ, ನೀರಿದ್ದರೆ ಕೆಳಗೆ ಬಣ್ಣವಿಲ್ಲದ ಗುಳ್ಳೆಯಾಗಿ ನಿಲ್ಲುತ್ತದೆ.

ಇಂಜಿನ್ನು ನಿಲ್ಲಿಸುವ ಇನ್ನೊಂದು ಕಾರಣ ಕೇಳಿ ನಾವು ಬೆರಗಾದೆವು. ಮಂಜುಗಡ್ಡೆ! ಹಿಮಾಲಯದಲ್ಲಿ ಅಲ್ಲ, ಮಳೆಗಾಲದ ಬೆಚ್ಚನೆಯ ದಿನದಲ್ಲಿ. ಹಳೆಯ ಸ್ಕೂಟರುಗಳಲ್ಲಿ ಇದ್ದಂತೆ ಈ ಇಂಜಿನ್ನುಗಳಲ್ಲೂ ಕಾರ್ಬುರೇಟರ್ ಇದೆ. ಅದರೊಳಗೆ ಪೆಟ್ರೋಲು ಆವಿಯಾಗುವಾಗ ತಂಪು ಹುಟ್ಟುತ್ತದೆ, ಮಡಕೆಯ ನೀರು ತಂಪಾಗುವ ಹಾಗೆಯೇ. ಈ ತಂಪು 20 ಡಿಗ್ರಿಗೂ ಮೀರಬಹುದು. ಹೊರಗೆ 20 ಡಿಗ್ರಿ ಇದ್ದು ಗಾಳಿಯಲ್ಲಿ ಪಸೆ ಇದ್ದರೆ ಒಳಗೆ ಮಂಜು ಕಟ್ಟುತ್ತದೆ. ಗಂಟಲು ಕಟ್ಟಿದವನಂತೆ ಇಂಜಿನ್ನು ಸೊರಗುತ್ತದೆ. ಬಿಸಿಗಾಳಿ ಬಿಡುವ ಗುಂಡಿಯೊಂದಿದೆ, ಅದನ್ನು ಎಳೆದರೆ ಮಂಜು ಕರಗಬೇಕು. ಆದರೆ ಕರಗಿದ ನೀರು ಇಂಜಿನ್ನಿಗೆ ಹೋಗುವಾಗ ಅದು ಮೊದಲಿಗಿಂತ ಹೆಚ್ಚು ಕೆಮ್ಮುತ್ತದೆ. ಹೊಸಬರು ಹೆದರಿ ಗುಂಡಿಯನ್ನು ಮತ್ತೆ ಒಳಗೆ ತಳ್ಳಿಬಿಡುತ್ತಾರೆ. ವಿಮಾನ ಹೊಲದಲ್ಲಿ ಬಿದ್ದ ಮೇಲೆ ತನಿಖೆಯವರು ಬಂದು ಇಂಜಿನ್ನು ಬಿಚ್ಚಿ ನೋಡುವಾಗ ಎಲ್ಲವೂ ಸರಿಯಾಗಿರುತ್ತದೆ. ಕೊಲೆಗಾರನೇ ಕರಗಿ ಹೋಗಿರುತ್ತಾನೆ.

ಭಾರದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇವೆ. ಇಬ್ಬರು ದಪ್ಪ ಆಸಾಮಿಗಳು ಕುಳಿತು ಟ್ಯಾಂಕು ತುಂಬಿಸಿದರೆ 757 ಕಿಲೋ ಸುಲಭವಾಗಿ ಮೀರುತ್ತದೆ. ಬಿಸಿಲಿನಲ್ಲಿ ಗಾಳಿ ತೆಳುವಾಗುತ್ತದೆ, ಎತ್ತರದ ಊರಿನಲ್ಲಿ ಮೊದಲೇ ತೆಳು. ಸಮುದ್ರದ ಮಟ್ಟದ ಜುಹುವಿನಲ್ಲಿ ಏರಿದ ಅದೇ ವಿಮಾನ, ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಜಕ್ಕೂರಿನಲ್ಲಿ, ಏಪ್ರಿಲ್ ಮಧ್ಯಾಹ್ನ, ನೆಲ ಬಿಡಲು ಹೆಚ್ಚು ದೂರ ಓಡಬೇಕು.

ಮೋಡದ ಕಥೆ ಬೇರೆ. ಹೊಸ ಚಾಲಕರು ನೆಲ ಮತ್ತು ದಿಗಂತ ನೋಡಿಕೊಂಡೇ ಹಾರಬೇಕು. ದಿಗಂತ ಕಾಣದಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಜನರಿಗೆ ಹೊರಗಿನದು ಕಾಣದಂತೆ ಮಾಡಿ, ಪಕ್ಕದಲ್ಲಿ ನುರಿತವರನ್ನು ಕೂರಿಸಿ ಹಾರಿಸಿದರು. 20 ಜನರೂ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ, ಒಂದು ಮಸಾಲೆ ದೋಸೆ ಬೇಯುವ ಹೊತ್ತು. ನಮ್ಮ ಕಿವಿಯೊಳಗಿನ ತೂಕದ ಯಂತ್ರ ಸುಳ್ಳು ಹೇಳುತ್ತದೆ. ವಾಲಿ ಸುರುಳಿ ಸುತ್ತುತ್ತಿರುವಾಗಲೂ ನೆಟ್ಟಗೆ ಹೋಗುತ್ತಿದ್ದೇವೆ ಎಂದೇ ಅನಿಸುತ್ತದೆ. ಆಮೇಲೆ ಅದೇ ಜನಕ್ಕೆ ಸುಮ್ಮನೆ ಉಪಕರಣ ನೋಡಿ ಮೆಲ್ಲಗೆ ಹಿಂದಿರುಗುವ ಒಂದು ಸರಳ ಕ್ರಮ ಕಲಿಸಿದಾಗ ಹೆಚ್ಚುಕಡಿಮೆ ಎಲ್ಲರೂ ಬಚಾವಾದರು. ಇಂದು ಪರವಾನಗಿ ಕೊಡುವ ಮೊದಲು ಇದನ್ನು ಸ್ವಲ್ಪವಾದರೂ ಕಲಿಸುವುದಕ್ಕೆ ಇಂಥ ಪರೀಕ್ಷೆಗಳೇ ಕಾರಣ.

ಇಬ್ಬರು ಕುಳಿತಾಗ ಇನ್ನೊಂದು ಅಪಾಯ ಹುಟ್ಟುತ್ತದೆ. ತರಬೇತಿ ವಿಮಾನದಲ್ಲಿ ಶಿಕ್ಷಕರಿಗೂ ವಿದ್ಯಾರ್ಥಿಗೂ ಒಂದೊಂದು ಜೊತೆ ಹಿಡಿಕೆ. ಶಿಕ್ಷಕರು ಹಿಡಿದಿದ್ದಾರೆ ಎಂದು ವಿದ್ಯಾರ್ಥಿ ಬಿಡುತ್ತಾನೆ, ಅವನು ಹಿಡಿದಿದ್ದಾನೆ ಎಂದು ಶಿಕ್ಷಕರು ಬಿಡುತ್ತಾರೆ. ಇಬ್ಬರು ಭಟ್ಟರಿರುವ ಅಡಿಗೆಮನೆಯಲ್ಲಿ ಸಾರಿಗೆ ಉಪ್ಪೇ ಬೀಳದ ದಿನವೂ ಉಂಟು, ಎರಡು ಸಲ ಬಿದ್ದ ದಿನವೂ ಉಂಟು. ಅದಕ್ಕಾಗಿ ಅಲ್ಲಿ ಬಾಯಿಬಿಟ್ಟು ಹೇಳುವ ಕ್ರಮವಿದೆ. ನೀನು ಹಿಡಿ ಎಂದು ಒಬ್ಬರು, ನಾನು ಹಿಡಿದೆ ಎಂದು ಇನ್ನೊಬ್ಬರು, ಸರಿ ನೀನೇ ಹಿಡಿದಿದ್ದೀ ಎಂದು ಮತ್ತೆ ಮೊದಲಿನವರು. ಮೂರು ಮಾತು ಆಗುವವರೆಗೆ ಕೈ ಬಿಡುವಂತಿಲ್ಲ.

ಲೆಕ್ಕದಲ್ಲಿ ಹೆಚ್ಚು ಇರುವುದು ಇಳಿಯುವಾಗಿನ ಅಪಘಾತಗಳು. ಒಬ್ಬನೇ ಹಾರುವ ವಿದ್ಯಾರ್ಥಿ ಜೋರಾಗಿ ಇಳಿದು, ವಿಮಾನ ಪುಟಿದು, ಮುಂಗಾಲಿ ಮುರಿದು, ಇಲ್ಲವೆ ಪಕ್ಕದ ಗಾಳಿಗೆ ರನ್‌ವೇ ಬಿಟ್ಟು ಹುಲ್ಲಿಗೆ ಹೋಗಿ ನಿಲ್ಲುತ್ತದೆ. ಜೀವ ಹೋಗುವುದು ಅಪರೂಪ. ಇಳಿಯುವುದು ಕೆಟ್ಟಿತೆಂದು ಕಂಡ ಕೂಡಲೇ ಮತ್ತೆ ಏರಿ ಇನ್ನೊಂದು ಸುತ್ತು ಬರಬೇಕೆಂದು ಕಲಿಸುತ್ತಾರೆ. ನಾಚಿಕೆಯಿಂದ ಏರದವನು ವಿಮಾನ ಮುರಿಯುತ್ತಾನೆ.

ಇಷ್ಟೆಲ್ಲ ಕೇಳಿ ನಮ್ಮ ದೋಸೆ ಭಟ್ಟರು, "ಅಂತೂ ತಪ್ಪು ಹುಡುಗರದ್ದೇ ಆಯಿತಲ್ಲ" ಎಂದರು. ಆಗ ಮೆಕ್ಯಾನಿಕ್ ಹಿರಿಯರಿಗೆ ಸಿಟ್ಟು ಬಂತು. ಅವರು ಎರಡು ಸಂಗತಿ ಹೇಳಿದರು.

ಒಂದು 1935ನೇ ಇಸವಿಯದು. ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ಪ್ರಾಂತದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಕಂಪನಿಯ ಹೊಸ ದೊಡ್ಡ ಬಾಂಬರ್ ವಿಮಾನ ಏರಿ ಕೂಡಲೇ ಬಿತ್ತು. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ಬಹಳ ನುರಿತವರು, ಸತ್ತರು. ಗಾಳಿಗೆ ಬಾಲದ ಹಲಗೆಗಳು ಬಡಿದಾಡದಂತೆ ನೆಲದಲ್ಲಿದ್ದಾಗ ಹಾಕಿಡುವ ಬೀಗವನ್ನು ತೆಗೆಯಲು ಮರೆತಿದ್ದರು. ಮರೆವು ಯಾರದೆಂದು ಬರೆದು ಕಡತ ಮುಚ್ಚಬಹುದಿತ್ತು. ಹಾಗೆ ಮಾಡಲಿಲ್ಲ. ಇಷ್ಟು ಸಂಗತಿಗಳನ್ನು ಒಬ್ಬ ಮನುಷ್ಯ ನೆನಪಿನಲ್ಲಿ ಇಟ್ಟುಕೊಳ್ಳುವುದೇ ಕಷ್ಟ ಎಂದು ಒಪ್ಪಿಕೊಂಡು ಒಂದು ಪಟ್ಟಿ ಬರೆದರು. ಹಾರುವ ಮೊದಲು ಒಂದೊಂದಾಗಿ ಓದಿ ನೋಡುವ ಪಟ್ಟಿ. ಚೆಕ್‌ಲಿಸ್ಟ್ ಎಂದು ನೀವು ಕೇಳಿರುವುದು ಅದೇ. ಈಗಿನ ಸೆಸ್ನಾದಲ್ಲೂ ಅಂಥ ಬೀಗ ಒಂದು ಕಂಬಿಯ ರೂಪದಲ್ಲಿ ಹಿಡಿಕೆಗೆ ಇದೆ. ಅದಕ್ಕೆ ಕೆಂಪು ತಗಡು ಕಟ್ಟಿರುತ್ತಾರೆ, ಮರೆತರೂ ಕಣ್ಣಿಗೆ ಬೀಳಲಿ ಎಂದು.

ಎರಡನೆಯದು ನಮ್ಮದೇ ಬೆಂಗಳೂರಿನ ಕಾರ್ಖಾನೆಯ ಎಚ್.ಪಿ.ಟಿ.-32, ದೀಪಕ್ ಎಂದು ಹೆಸರು. ಹೇಳಲು ಸಂಕಟವಾಗುತ್ತದೆ, ಆದರೂ ಹೇಳಬೇಕು. ವಾಯುಸೇನೆಯ ಹುಡುಗರು ಮೊದಲ ಪಾಠ ಕಲಿಯುತ್ತಿದ್ದುದು ಇದರಲ್ಲಿ. ಇಂಜಿನ್ನು ಆಕಾಶದಲ್ಲಿ ನಿಲ್ಲುವ ಪ್ರಸಂಗಗಳು ಮತ್ತೆ ಮತ್ತೆ ಆದವು. ನಿಂತ ಮೇಲೆ ಚೆನ್ನಾಗಿ ಜಾರಿ ಬರುವ ವಿಮಾನವೂ ಅದಾಗಿರಲಿಲ್ಲ. 2009ರ ಜುಲೈ 31ರಂದು ಮೇದಕ್ ಜಿಲ್ಲೆಯಲ್ಲಿ ಒಂದು ಬಿದ್ದು ಇಬ್ಬರು ಸತ್ತರು. ಹೊಸಬರಲ್ಲ, ಕಲಿಸುವ ಶಿಕ್ಷಕರೇ. ಆಮೇಲೆ ಎಲ್ಲ ದೀಪಕ್ ವಿಮಾನಗಳ ಹಾರಾಟವನ್ನೂ ನಿಲ್ಲಿಸಿದರು. 2013ರಿಂದ ಆ ಸ್ಥಾನಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂತು. ಸತ್ತ ಇಬ್ಬರೂ ಕಲಿಸುವವರಾಗಿದ್ದಾಗ ವಿದ್ಯಾರ್ಥಿಯ ತಪ್ಪು ಎನ್ನುವುದು ಹೇಗೆ?

ಆಗ ನಮಗೆ ನಮ್ಮದೇ ಒಂದು ಪ್ರಕರಣ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಒಂದು ಹೋಟೆಲಿನಲ್ಲಿ ಹತ್ತೊಂಬತ್ತರ ಹುಡುಗನೊಬ್ಬನ ಎರಡು ಬೆರಳು ಹಿಟ್ಟು ರುಬ್ಬುವ ಯಂತ್ರಕ್ಕೆ ಹೋದವು. ಮಾಲಕರ ಪುಸ್ತಕದಲ್ಲಿ ಒಂದೇ ಸಾಲು: ಕೆಲಸಗಾರನ ಅಜಾಗರೂಕತೆ. ನಾವು ಹೋಗಿ ನೋಡಿದೆವು. ಯಂತ್ರದ ಮುಚ್ಚಳ ಮುರಿದು ಬಹಳ ದಿನಗಳಾಗಿತ್ತು. ನಿಲ್ಲಿಸುವ ಗುಂಡಿ ಬಾಗಿಲ ಹಿಂದೆ ಇತ್ತು, ಯಂತ್ರದಿಂದ ಕೈಗೆಟುಕುತ್ತಿರಲಿಲ್ಲ. ಬೆಳಗಿನ ನಾಲ್ಕು ಗಂಟೆ, ಇಬ್ಬರ ಕೆಲಸಕ್ಕೆ ಒಬ್ಬ, ಹಿಂದಿನ ರಾತ್ರಿ ಹನ್ನೆರಡಕ್ಕೆ ಅವನು ಮಲಗಿದ್ದು. ಹುಡುಗ ಕೈ ಹಾಕಿದ್ದು ನಿಜ. ಅಷ್ಟೇ ನಿಜವೆಂದು ಪುಸ್ತಕ ಹೇಳಿತು. ಗಿರಣಿಯಲ್ಲಿ ದುಡಿದ ಹಿರಿಯರು ಮಗ್ಗದಿಂದ ಹಾರಿ ಬಂದ ಲಾಳಿಗೆ ಕಣ್ಣು ಕೊಟ್ಟವರ ಕಥೆ ಹೇಳುತ್ತಿದ್ದರು. ಅಲ್ಲಿಯೂ ಪುಸ್ತಕದ ಸಾಲು ಬೇರೆಯಾಗಿರಲಿಲ್ಲ.

ವಿಮಾನದವರ ಪುಸ್ತಕ ಬೇರೆ ಇದೆ ಎಂಬುದನ್ನು ತಿಳಿದು ನಮಗೆ ಹೊಟ್ಟೆಕಿಚ್ಚಾಯಿತು. 1951ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ತನಿಖೆಗೆ ನಿಯಮ ಮಾಡಿತು. 13ನೆಯ ಅನುಬಂಧ ಎಂದು ಅದಕ್ಕೆ ಹೆಸರು. ಮುಂದಿನ ಅಪಘಾತ ತಪ್ಪಿಸುವುದೇ ತನಿಖೆಯ ಉದ್ದೇಶ, ಯಾರ ಮೇಲೆ ತಪ್ಪು ಹೊರಿಸುವುದಲ್ಲ ಎಂದು ಅದು ಹೇಳುತ್ತದೆ. ಭಾರತದಲ್ಲಿ ಇದಕ್ಕಾಗಿಯೇ ಅಪಘಾತ ತನಿಖಾ ಕಚೇರಿಯೊಂದು 2012ರಲ್ಲಿ ಆಯಿತು. ಅದರ ವರದಿಗಳನ್ನು ಯಾರು ಬೇಕಾದರೂ ಓದಬಹುದು. ವರದಿಯಲ್ಲಿ ಕಾರಣ ಎಂದು ಬರೆದು ಅಲ್ಲಿಗೇ ಬಿಡುವುದಿಲ್ಲ, ಕಾರಣಕ್ಕೆ ಕೈಗೂಡಿಸಿದ ಸಂಗತಿಗಳೆಂದು ಇನ್ನೊಂದು ಭಾಗವಿರುತ್ತದೆ. ಶಿಕ್ಷಕರ ಅನುಭವವೆಷ್ಟು, ರಿಪೇರಿ ಯಾವಾಗ ಆಯಿತು, ಶಾಲೆಯ ಮೇಲ್ವಿಚಾರಣೆ ಹೇಗಿತ್ತು ಎಂಬುದೆಲ್ಲ ಹೊರಬರುವುದು ಅಲ್ಲಿ. 2023ರ ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಬಾರಾಮತಿಯಲ್ಲಿ ನಾಲ್ಕು ದಿನಗಳೊಳಗೆ ಎರಡು ತರಬೇತಿ ವಿಮಾನಗಳು ಬಿದ್ದಾಗ ಸರಕಾರದವರು ಹುಡುಗರನ್ನಷ್ಟೇ ಪ್ರಶ್ನಿಸಿ ಬಿಡಲಿಲ್ಲ, ಆ ಶಾಲೆಯ ತರಬೇತಿಯನ್ನೇ ನಿಲ್ಲಿಸಿದರು.

ಇನ್ನೂ ಒಂದು ಮಾತು, ಇದು ನಮ್ಮ ಸಂಘಕ್ಕೆ ಬಹಳ ಬೇಕಾದದ್ದು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿ ಪ್ರಯಾಣಿಕರ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಕೆಲವು ವಾರಗಳ ಹಿಂದೆ ಬೇರೆ ಕಂಪನಿಯ ಚಾಲಕರು ಅಲ್ಲೇ ಅದೇ ತಪ್ಪಿಗೆ ಸಿಕ್ಕು ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಎಚ್ಚರಿಕೆ ಆ ಕಂಪನಿಯೊಳಗೇ ಉಳಿದಿತ್ತು. ಇದನ್ನು ಕಂಡು 1976ರಲ್ಲಿ ಅಮೆರಿಕದಲ್ಲಿ ಒಂದು ವ್ಯವಸ್ಥೆ ಮಾಡಿದರು. ಚಾಲಕರು, ವಿದ್ಯಾರ್ಥಿಗಳೂ ಸಹ, ತಾವು ಮಾಡಿದ ತಪ್ಪನ್ನೂ ಕಂಡ ಅಪಾಯವನ್ನೂ ಬರೆದು ಕಳಿಸಬಹುದು. ಬರೆದವರ ಹೆಸರನ್ನು ಅಳಿಸಿ ಸಂಗತಿಯನ್ನು ಎಲ್ಲರಿಗೂ ತಿಳಿಸುತ್ತಾರೆ. ಕಾಗದ ಹೋಗುವುದು ಶಿಕ್ಷಿಸುವ ಇಲಾಖೆಗೆ ಅಲ್ಲ, ನಾಸಾ ಎಂಬ ಬೇರೆ ಸಂಸ್ಥೆಗೆ. ಶಿಕ್ಷಿಸುವವನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಅಡಿಗೆಮನೆಗಳಲ್ಲಿ ಗ್ಯಾಸಿನ ನಳಿಗೆ ಸೋರುವುದನ್ನು ಕಂಡ ಹುಡುಗ ಯಾರಿಗೆ ಹೇಳುತ್ತಾನೆ? ಸಂಘದ ಖೋಲಿಯಲ್ಲಿ ಒಂದು ಪೆಟ್ಟಿಗೆ ಇಡುವ ವಿಚಾರ ಕಾರ್ಯಕಾರಿ ಮಂಡಳಿಯ ಮುಂದಿದೆ. ಹೆಸರು ಬರೆಯಬೇಕಾಗಿಲ್ಲ.

ಈಗ ಭಟ್ಟರ ಪ್ರಶ್ನೆಗೆ. ಕರೆಸಿ ಎಂದೂ ಕರೆಸಬೇಡಿ ಎಂದೂ ನಾವು ಹೇಳಲಿಲ್ಲ. ಮಗಳಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ ಎಂದೆವು: ಇವತ್ತು ಹಾರುವುದಿಲ್ಲ ಎಂದು ನೀನು ಹೇಳಿದರೆ ಅಲ್ಲಿ ಬೈಯುತ್ತಾರಾ? ದೊಡ್ಡ ಪರವಾನಗಿಗೆ 200 ಗಂಟೆ ಹಾರಿರಬೇಕು, ಗಂಟೆಗಂಟೆಗೂ ದುಡ್ಡು. ಶಾಲೆಗೂ ಅವಸರ, ಶಿಕ್ಷಕರಿಗೂ ಅವಸರ, ಬಡ್ಡಿ ಕಟ್ಟುವ ತಂದೆಗೂ ಅವಸರ. ಈ ಅವಸರದ ಮುಂದೆ ಹುಡುಗಿ ಬಾಯಿ ತೆರೆಯಬಲ್ಲಳೇ ಎಂಬುದೇ ನಮಗೆ ಬೇಕಾಗಿತ್ತು.

ಅವಳು ಹೇಳಿದಳಂತೆ. ಈ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ವ್ಯವಸ್ಥೆ ಎರಡೆರಡು ಇರುತ್ತದೆ, ಏರುವ ಮೊದಲು ಒಂದೊಂದನ್ನೇ ನಿಲ್ಲಿಸಿ ನೋಡುತ್ತಾರೆ. ಹಿಂದಿನ ವಾರ ಒಂದನ್ನು ನಿಲ್ಲಿಸಿದಾಗ ಇಂಜಿನ್ನಿನ ಸುತ್ತು ಮಿತಿಗಿಂತ ಹೆಚ್ಚು ಇಳಿಯಿತು. ರನ್‌ವೇಯ ಅಂಚಿನವರೆಗೆ ಹೋಗಿದ್ದವಳು ವಿಮಾನವನ್ನು ತಿರುಗಿಸಿ ತಂದು ಮೆಕ್ಯಾನಿಕ್ಕಿಗೆ ಒಪ್ಪಿಸಿದಳು. ಯಾರೂ ಬೈಯಲಿಲ್ಲ. ಅವಳ ಸರದಿ ಮಾತ್ರ ಎರಡು ದಿನ ಮುಂದೆ ಹೋಯಿತು. "ಎರಡು ದಿನದ ಬಡ್ಡಿ ಎಷ್ಟಾಗುತ್ತದೆ ಅಪ್ಪಾ?" ಎಂದು ಅವಳೇ ಕೇಳಿದಳಂತೆ.

ಭಟ್ಟರು ಇಂದು ಸಭೆಗೆ ಬಂದಿಲ್ಲ, ಭಾನುವಾರ ಕಾವಲಿಯ ಮುಂದೆ ಜನ ಜಾಸ್ತಿ. ಹುಡುಗಿ ಅಲ್ಲೇ ಇದ್ದಾಳೆ. ಮೆಕ್ಯಾನಿಕ್ ಹಿರಿಯರು ಬಾಗಿಲ ಬಳಿ ಕುಳಿತಿದ್ದಾರೆ. ನಾವು ಎಲ್ಲಿಯಾದರೂ ತಪ್ಪಿದ್ದರೆ ಅವರು ಎದ್ದು ತಿದ್ದಬೇಕೆಂದು ಕೇಳಿಕೊಳ್ಳುತ್ತೇವೆ. ನಿಮ್ಮ ಪ್ರಶ್ನೆಗಳನ್ನು ಅವರಿಗೇ ಕೇಳಿ. ಚಹಾ ಬಂದಿದೆ.